ಗೆರೆ ಎಳೆಯುವ ಮೊದಲು

ಅಕ್ಕ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ನನ್ನ ಲ್ಯಾಪ್‌ಟಾಪ್‌ಗೆ ಮಾತ್ರ ಏನೂ ಆಗಿಲ್ಲ. 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಡಿಟಿಪಿ ಕೆಲಸಕ್ಕೆ ಇನ್ನೂ ಐದಾರು ವರ್ಷ ಧಾರಾಳವಾಗಿ ಸಾಕು. ವಿಂಡೋಸ್ 11 ಹಾಕಲು ಹೋದರೆ ಈ ಪ್ರೊಸೆಸರ್ ನಡೆಯಲ್ಲ ಅಂತ ಬರುತ್ತೆ. ಚೆನ್ನಾಗಿರೋ ಯಂತ್ರಾನ ಗುಜರಿಗೆ ಹಾಕೋಕೆ ನನಗೆ ಮನಸ್ಸಿಲ್ಲ.

ತಮ್ಮ: ಹಾಕಬೇಕಾಗಿಲ್ಲ. ಇದು 2017ರ ಯಂತ್ರ, ಇಂಟೆಲ್‌ನ ಏಳನೇ ಪೀಳಿಗೆ. ವಿಂಡೋಸ್ 11 ಕೇಳೋದು ಎಂಟನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್. ಅದು ಅವರು ಹಾಕಿಕೊಂಡ ನಿಯಮ. ನಿನ್ನ ಯಂತ್ರದ ಶಕ್ತಿ ಕುಂದಿದೆ ಅಂತಲ್ಲ. ವಿಂಡೋಸ್ ಬದಲು ಲಿನಕ್ಸ್ ಅನ್ನೋ ಮುಕ್ತ ವ್ಯವಸ್ಥೆ ಇದೆ. ಅದರಲ್ಲಿ ಲಿನಕ್ಸ್ ಮಿಂಟ್ ಆಗಲಿ, ಉಬುಂಟು ಆಗಲಿ ಇದರಲ್ಲಿ ಸಲೀಸಾಗಿ ಓಡುತ್ತೆ. ಭದ್ರತೆಯ ಅಪ್‌ಡೇಟ್‌ಗಳೂ ಬರ್ತಾ ಇರುತ್ತವೆ.

ಅಕ್ಕ: ಅದರಲ್ಲಿ ನಾನು ಪುಟ ಕಟ್ಟೋ ಪೇಜ್‌ಮೇಕರ್ ಓಡುತ್ತಾ?

ತಮ್ಮ: ನೇರವಾಗಿ ಓಡಲ್ಲ. ವೈನ್ ಅನ್ನೋ ತಂತ್ರಾಂಶದ ಮೂಲಕ ಪ್ರಯತ್ನ ಮಾಡಬಹುದು. ಆದರೆ ಅಚ್ಚಿಗೆ ಹೋಗೋ ಪುಟಾನ ಅದರ ಮೇಲೆ ಬಿಟ್ಟು ಕೂರು ಅಂತ ನಾನು ಹೇಳಲ್ಲ. ಅದಕ್ಕೇ ವಿಂಡೋಸ್ ತೆಗೆಯೋದು ಬೇಡ. ಒಂದೇ ಡಿಸ್ಕ್‌ನಲ್ಲಿ ಎರಡೂ ಇರಲಿ. ಪವರ್ ಗುಂಡಿ ಒತ್ತಿದಾಗ ಒಂದು ಪಟ್ಟಿ ಬರುತ್ತೆ, ಯಾವುದು ಬೇಕೋ ಆರಿಸಿಕೋ.

ಅಕ್ಕ: ಒಂದೇ ಡಿಸ್ಕ್‌ನಲ್ಲಿ ಅಂತ ಸುಲಭವಾಗಿ ಹೇಳಿಬಿಟ್ಟೆ. ಆ ಡಿಸ್ಕ್‌ನಲ್ಲಿ ಏನಿದೆ ಅಂತ ನಿನಗೆ ಗೊತ್ತಾ? ಊರಿನ ಜಾತ್ರೆಯ ಸ್ಮರಣ ಸಂಚಿಕೆಗಳಿವೆ, ಹೈಸ್ಕೂಲಿನ ಸುವರ್ಣ ಮಹೋತ್ಸವದ ಪುಸ್ತಕ ಇದೆ. ನಾಲ್ಕು ಜನ ಕವಿಗಳ ಮೊದಲ ಸಂಕಲನಗಳಿವೆ; ಅವರಲ್ಲಿ ಇಬ್ಬರು ಈಗಿಲ್ಲ. ಆ ಪುಸ್ತಕಗಳ ಪ್ರತಿ ಅವರ ಮನೆಯಲ್ಲೂ ಉಳಿದಿದೆಯೋ ಇಲ್ಲವೋ, ನನ್ನ ಡಿ ಡ್ರೈವ್‌ನಲ್ಲಿ ಉಳಿದಿದೆ. ಅಂಥ ಡಿಸ್ಕ್‌ಗೆ ನೀನು ಕತ್ತರಿ ಹಾಕ್ತೀನಿ ಅಂತೀಯ.

ತಮ್ಮ: ಕತ್ತರಿ ಹಾಕಲ್ಲ ಅಕ್ಕ. ಪಾರ್ಟಿಷನ್ ಅಂದ್ರೆ ಏನು ಅಂತ ಮೊದಲು ಬಿಡಿಸಿ ಹೇಳ್ತೀನಿ. ನಮ್ಮ ಹೊಲದ ಪೋಡಿ ನೆನಪು ಮಾಡಿಕೋ. ಒಂದು ಸರ್ವೆ ನಂಬರು ಮೂರು ಹಿಸ್ಸಾ ಆಯ್ತು. ಮಣ್ಣು ಅಲ್ಲೇ ಇತ್ತು, ತೆಂಗಿನ ಮರಗಳು ನಿಂತಲ್ಲೇ ನಿಂತಿದ್ದವು. ಬದಲಾದದ್ದು ದಾಖಲೆ: ಎಲ್ಲಿಂದ ಎಲ್ಲಿವರೆಗೆ ಯಾರದ್ದು ಅನ್ನೋ ಲೆಕ್ಕ. ಡಿಸ್ಕ್‌ನಲ್ಲೂ ಅಷ್ಟೇ. ಅದರ ಮೈಮೇಲೆ ಯಾವ ಗೀಟೂ ಬೀಳಲ್ಲ. ಡಿಸ್ಕ್‌ನ ಆರಂಭದಲ್ಲಿ ಒಂದು ಕೋಷ್ಟಕ ಇರುತ್ತೆ. ಈ ಪಾಲು ಈ ಸೆಕ್ಟರ್‌ನಿಂದ ಶುರು, ಇಷ್ಟು ಉದ್ದ, ಇಂಥ ಬಗೆಯದು ಅಂತ ಅದರಲ್ಲಿ ಬರೆದಿರುತ್ತೆ. ಪಾರ್ಟಿಷನ್ ಮಾಡೋದು ಅಂದ್ರೆ ಆ ಕೋಷ್ಟಕ ತಿದ್ದೋದು.

ಅಕ್ಕ: ಅಷ್ಟು ದೊಡ್ಡ ಡಿಸ್ಕ್‌ಗೆ ಆ ಕೋಷ್ಟಕ ಎಷ್ಟು ದೊಡ್ಡದಿರುತ್ತೆ?

ತಮ್ಮ: ಹಳೆಯ ಪದ್ಧತಿಯಲ್ಲಿ 64 ಬೈಟ್. ಅಷ್ಟೇ. ಐಬಿಎಂನವರು 1983ರಲ್ಲಿ 10 ಎಂಬಿ ಹಾರ್ಡ್ ಡಿಸ್ಕ್ ಇರೋ ಪಿಸಿ ಎಕ್ಸ್‌ಟಿ ತಂದಾಗ, ಡಾಸ್ 2.0 ಜೊತೆ ಈ ಏರ್ಪಾಡು ಬಂತು. ಮಾಸ್ಟರ್ ಬೂಟ್ ರೆಕಾರ್ಡ್ ಅಂತ ಹೆಸರು. ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲಿ 512 ಬೈಟ್ ಜಾಗ. ಅದರಲ್ಲಿ 446 ಬೈಟ್ ಯಂತ್ರಾನ ಎಬ್ಬಿಸೋ ಸೂಚನೆಗೆ, 64 ಬೈಟ್ ಕೋಷ್ಟಕಕ್ಕೆ, ಕೊನೆಯ 2 ಬೈಟ್ ಗುರುತಿನ ಮುದ್ರೆಗೆ. ಕೋಷ್ಟಕದಲ್ಲಿ 16 ಬೈಟ್‌ನ ನಾಲ್ಕು ಸಾಲು. ಆದ್ದರಿಂದ ಮುಖ್ಯ ಪಾಲುಗಳು ನಾಲ್ಕಕ್ಕಿಂತ ಹೆಚ್ಚು ಆಗ್ತಿರಲಿಲ್ಲ. ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಇಟ್ಟಿದ್ದರಿಂದ ಸುಮಾರು 2 ಟಿಬಿಗಿಂತ ಆಚೆಗಿನ ಜಾಗ ಅದಕ್ಕೆ ಗೊತ್ತೇ ಆಗ್ತಿರಲಿಲ್ಲ.

ಅಕ್ಕ: ಆ 64 ಬೈಟ್ ಕೆಟ್ಟರೆ?

ತಮ್ಮ: ಇಡೀ ಡಿಸ್ಕ್ ಖಾಲಿ ಇದ್ದ ಹಾಗೆ ಕಾಣುತ್ತೆ. ಕಡತಗಳು ಅಲ್ಲೇ ಇರುತ್ತವೆ, ದಾರಿ ಹೇಳೋ ದಾಖಲೆ ಇರಲ್ಲ. ನಿನ್ನ ಯಂತ್ರದಲ್ಲಿರೋದು ಹೊಸ ಪದ್ಧತಿ, ಜಿಪಿಟಿ. ಅದರಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಸಾಲು ಇರುತ್ತೆ, ಸಂಖ್ಯೆಗಳಿಗೆ 64 ಬಿಟ್ ಇರುತ್ತೆ. ಇನ್ನೂ ಮುಖ್ಯವಾದದ್ದು, ಅದೇ ಕೋಷ್ಟಕದ ಇನ್ನೊಂದು ಪ್ರತಿ ಡಿಸ್ಕ್‌ನ ಕೊನೆಯಲ್ಲೂ ಇರುತ್ತೆ. ಒಂದು ಹಾಳಾಗಿದೆಯೋ ಇಲ್ಲವೋ ಅಂತ ತಾಳೆ ನೋಡೋಕೆ ಮೊತ್ತದ ಲೆಕ್ಕಾನೂ ಬರೆದಿಟ್ಟಿರುತ್ತಾರೆ. ಕೋಷ್ಟಕ ಕಳೆದುಹೋದರೂ ಟೆಸ್ಟ್‌ಡಿಸ್ಕ್‌ನಂಥ ಮುಕ್ತ ತಂತ್ರಾಂಶ ಡಿಸ್ಕ್‌ನೆಲ್ಲ ಜಾಲಾಡಿ ಹಳೆಯ ಎಲ್ಲೆಗಳನ್ನ ಎಷ್ಟೋ ಸಲ ಹುಡುಕಿಕೊಡುತ್ತೆ. ಅದರ ಮೇಲೆ ಹೊಸದೇನೂ ಬರೆದಿರಬಾರದು, ಅಷ್ಟೇ ಷರತ್ತು.

ಅಕ್ಕ: ಅಂದ್ರೆ ಗೆರೆ ತಿದ್ದೋದರಲ್ಲಿ ಅಪಾಯ ಇಲ್ಲ, ತಿದ್ದಿದ ಮೇಲೆ ಬರೆಯೋದರಲ್ಲಿ ಅಪಾಯ.

ತಮ್ಮ: ಸರಿಯಾಗಿ ಹಿಡಿದೆ. ಫಾರ್ಮ್ಯಾಟ್ ಅನ್ನೋ ಒಂದು ಟಿಕ್ ಗುರುತು ತಪ್ಪು ಪಾಲಿನ ಮುಂದೆ ಬಿದ್ದರೆ ಅದೇ ಅಪಾಯ. ಪಾಲನ್ನ ಕುಗ್ಗಿಸುವಾಗಲೂ ಎಚ್ಚರ ಬೇಕು. ಪಾಲಿನ ಕೊನೆಯಲ್ಲಿರೋ ಕಡತಗಳನ್ನ ಮೊದಲು ಒಳಗೆ ಸರಿಸಿ ಆಮೇಲೆ ಎಲ್ಲೆ ಹಿಂದಕ್ಕೆ ತರಬೇಕಾಗುತ್ತೆ. ಆ ಹೊತ್ತಲ್ಲಿ ಕರೆಂಟ್ ಹೋಗಿ ಯಂತ್ರ ನಿಂತರೆ ಕಷ್ಟ. ಚಾರ್ಜರ್ ಹಾಕಿರಬೇಕು, ಬ್ಯಾಟರಿ ತುಂಬಿರಬೇಕು.

ಅಕ್ಕ: ಈ ಕೆಲಸ ಮಾಡುವಾಗ ಎಲ್ಲ ಕಳಕೊಂಡವರು ಇದ್ದಾರಾ?

ತಮ್ಮ: ಲಿನಕ್ಸ್ ಬರೆದವನೇ ಕಳಕೊಂಡಿದ್ದಾನೆ. ಲೀನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿ ಆಗಿದ್ದಾಗ, 1991ರ ಜನವರಿಯಲ್ಲಿ ಒಂದು 386 ಪಿಸಿ ಕೊಂಡ. ಅದಕ್ಕೆ ಮಿನಿಕ್ಸ್ ಹಾಕಿದ. ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ಪಾಠಕ್ಕೆ ಅಂತ ಬರೆದ ವ್ಯವಸ್ಥೆ ಅದು. ಅದೇ ಡಿಸ್ಕ್‌ನಲ್ಲಿ ತನ್ನ ಸ್ವಂತ ವ್ಯವಸ್ಥೆ ಬೆಳೆಸ್ತಾ ಹೋದ. ಆಗಸ್ಟ್ 25ಕ್ಕೆ ಮಿನಿಕ್ಸ್ ಬಳಸೋರಿಗೆ ವಿಷಯ ತಿಳಿಸಿದ, ಸೆಪ್ಟೆಂಬರ್‌ನಲ್ಲಿ 0.01 ಆವೃತ್ತಿ ಹೊರಗೆ ಬಂತು. ಆಗ ಲಿನಕ್ಸ್‌ಗೆ ತನ್ನದೇ ಕಡತ ವ್ಯವಸ್ಥೆ ಇರಲಿಲ್ಲ, ಮಿನಿಕ್ಸ್‌ನದ್ದನ್ನೇ ಬಳಸ್ತಿತ್ತು. ಕಂಪೈಲ್ ಮಾಡೋಕೂ ಮಿನಿಕ್ಸ್ ಬೇಕಿತ್ತು. ಎರಡು ವ್ಯವಸ್ಥೆ ಇದ್ದ ಡಿಸ್ಕ್‌ನಲ್ಲೇ ಲಿನಕ್ಸ್ ಹುಟ್ಟಿದ್ದು.

ಅಕ್ಕ: ಕಳಕೊಂಡದ್ದು ಹೇಗೆ?

ತಮ್ಮ: ವಿಶ್ವವಿದ್ಯಾಲಯದ ಕಂಪ್ಯೂಟರ್‌ಗೆ ಮೋಡೆಮ್ ಮೂಲಕ ಫೋನ್ ಹಚ್ಚೋಕೆ ಹೊರಟವನು, ಮೋಡೆಮ್ ಇದ್ದ ಸಾಧನದ ಹೆಸರು ಕೊಡೋ ಬದಲು ಹಾರ್ಡ್ ಡಿಸ್ಕ್ ಪಾಲಿನ ಹೆಸರು ಕೊಟ್ಟ. ಫೋನ್ ಹಚ್ಚೋ ಆದೇಶ ಮಿನಿಕ್ಸ್ ಇದ್ದ ಜಾಗದ ಮೇಲೆ ಹೋಗಿ ಕೂತು ಅದು ಹಾಳಾಯ್ತು. 2001ರಲ್ಲಿ ಬಂದ 'ಜಸ್ಟ್ ಫಾರ್ ಫನ್' ಅನ್ನೋ ಆತ್ಮಕಥೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಮಿನಿಕ್ಸ್ ಮತ್ತೆ ಹಾಕೋ ಬದಲು ಲಿನಕ್ಸ್ ಒಂದರಲ್ಲೇ ಇರೋದು ಅಂತ ಆಗ ತೀರ್ಮಾನ ಮಾಡಿದ. ನನಗೆ ಇದರಲ್ಲಿ ಎರಡು ವಿಷಯ ಮುಖ್ಯ. ಪಾಲು ಬೇರೆ ಇದ್ದದ್ದರಿಂದ ಲಿನಕ್ಸ್ ಉಳೀತು. ಯಂತ್ರಾನ ಅಷ್ಟು ಚೆನ್ನಾಗಿ ಬಲ್ಲವನ ಕೈಯಲ್ಲೂ ಒಂದು ಹೆಸರು ತಪ್ಪಿದ್ದಕ್ಕೆ ಒಂದು ಪಾಲು ಪೂರಾ ಹೋಯ್ತು.

ಅಕ್ಕ: ಹಾಗಾದ್ರೆ ನನ್ನ ಡಿಸ್ಕ್ ಮುಟ್ಟೋ ಮೊದಲು ಏನು ಮಾಡಬೇಕು?

ತಮ್ಮ: ಬ್ಯಾಕಪ್. ಅದೂ ಬೇರೆ ಡಿಸ್ಕ್‌ಗೆ. ಸಿ ಡ್ರೈವ್‌ನಲ್ಲಿರೋದನ್ನ ಡಿ ಡ್ರೈವ್‌ಗೆ ನಕಲು ಮಾಡಿದರೆ ಅದು ಬ್ಯಾಕಪ್ ಅಲ್ಲ. ಎರಡೂ ಒಂದೇ ಡಿಸ್ಕ್‌ನ ಮೇಲಿವೆ, ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಹೊಸ ಎಕ್ಸ್‌ಟರ್ನಲ್ ಡಿಸ್ಕ್ ತಗೋ. ಎಲ್ಲ ನಕಲು ಮಾಡಿದ ಮೇಲೆ ಅದನ್ನ ಬೇರೆ ಕಂಪ್ಯೂಟರ್‌ಗೆ ಹಾಕಿ, ಹತ್ತಿಪ್ಪತ್ತು ಕಡತ ತೆಗೆದು, ಪುಟ ತಿರುವಿ ನೋಡು. ತೆಗೆದು ನೋಡದ ಬ್ಯಾಕಪ್ ಅನ್ನ ನಂಬಬಾರದು.

ಅಕ್ಕ: ಆಮೇಲೆ?

ತಮ್ಮ: ವಿಂಡೋಸ್ ಒಳಗೇ ಎರಡು ವಿಷಯ ನೋಡಬೇಕು. ಮೊದಲನೆಯದು ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್. ಅದು ಆನ್ ಇದ್ದರೆ ಡಿಸ್ಕ್ ಪೂರ್ತಿ ಗೂಢಲಿಪಿಯಲ್ಲಿ ಇರುತ್ತೆ. ಬೂಟ್ ಆಗೋ ಕ್ರಮದಲ್ಲಿ ಬದಲಾವಣೆ ಕಂಡರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಅದನ್ನ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಎರಡನೆಯದು ಫಾಸ್ಟ್ ಸ್ಟಾರ್ಟಪ್. 2012ರ ವಿಂಡೋಸ್ 8ರಿಂದ ಬಂದದ್ದು. ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಲ್ಲ, ತನ್ನ ಕರ್ನೆಲ್‌ನ ಸ್ಥಿತೀನ ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುತ್ತೆ. ನಾಳೆ ಬೆಳಿಗ್ಗೆ ನೀನು ಲಿನಕ್ಸ್‌ನಿಂದ ಅದೇ ಡಿ ಡ್ರೈವ್‌ನಲ್ಲಿ ಒಂದು ಕಡತ ತಿದ್ದಿದೆ ಅಂತಿಟ್ಟುಕೋ. ಆಮೇಲೆ ಎದ್ದ ವಿಂಡೋಸ್ ನಿನ್ನೆಯ ನೆನಪಿನ ಮೇಲೆ ಬರೆಯೋಕೆ ಹೋಗಿ ಕಡತ ವ್ಯವಸ್ಥೆ ಕೆಡಬಹುದು. ಅದಕ್ಕೇ ಲಿನಕ್ಸ್ ಅಂಥ ಪಾಲನ್ನ ಕಂಡರೆ ಓದೋಕೆ ಮಾತ್ರ ಬಿಡುತ್ತೆ, ಇಲ್ಲವೇ ತೆಗೆಯೋದೇ ಇಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಆ ಟಿಕ್ ತೆಗೆದುಬಿಡಬೇಕು.

ಅಕ್ಕ: ಈಗ ನನ್ನ ಡಿಸ್ಕ್ ತೆಗೆದು ತೋರಿಸು. ಬರೀ ಬಾಯಿಮಾತಲ್ಲಿ ಬೇಡ.

ತಮ್ಮ: ಇಗೋ, ಡಿಸ್ಕ್ ಮ್ಯಾನೇಜ್‌ಮೆಂಟ್. ಡಬ್ಬದ ಮೇಲೆ 1 ಟಿಬಿ ಅಂತಿತ್ತು, ಇಲ್ಲಿ 931 ಜಿಬಿ ಅಂತಿದೆ. ಯಾರೂ ಕದ್ದಿಲ್ಲ. ತಯಾರಿಸಿದವರು ಒಂದು ಲಕ್ಷ ಕೋಟಿ ಬೈಟ್‌ಗೆ ಟಿಬಿ ಅಂತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ. ಎಡಗಡೆ ಮೊದಲ ಚೌಕ ನೋಡು, 100 ಎಂಬಿ. ಅದು ಇಎಫ್‌ಐ ಪಾಲು. ಯಂತ್ರ ಎದ್ದಾಗ ಮೊದಲು ಓದೋದು ಇದನ್ನ. ಬೂಟ್ ಲೋಡರ್‌ಗಳು ಇದರೊಳಗೆ ಇರುತ್ತವೆ. ಆಮೇಲೆ ಸಿ, 150 ಜಿಬಿ. ಆಮೇಲೆ ಡಿ, 780 ಜಿಬಿ. ನಡುವೆ ಸುಮಾರು ಅರ್ಧ ಜಿಬಿಯ ರಿಕವರಿ ಪಾಲು. ಮೈಕ್ರೋಸಾಫ್ಟ್ ಕಾದಿರಿಸಿದ 16 ಎಂಬಿಯ ಇನ್ನೊಂದು ಪಾಲಿದೆ, ಈ ಕಿಟಕಿ ಅದನ್ನ ತೋರಿಸಲ್ಲ. ಎಲ್ಲದರ ತಲೆಯ ಮೇಲೂ ನೀಲಿ ಪಟ್ಟಿ ಇದೆ.

ಅಕ್ಕ: ಲಿನಕ್ಸ್‌ಗೆ ಜಾಗ ಎಲ್ಲಿಂದ?

ತಮ್ಮ: ಸಿ ಕುಗ್ಗಿಸೋದು ಕಷ್ಟ. ಪೇಜ್‌ಫೈಲ್, ಹೈಬರ್ನೇಷನ್ ಕಡತ ಇಂಥವು ಅಲುಗಾಡಲ್ಲ. ಅವು ನಡುವೆ ಕೂತಿದ್ದರೆ ಅದಕ್ಕಿಂತ ಹಿಂದಕ್ಕೆ ಎಲ್ಲೆ ಬರಲ್ಲ. ಡಿ ಡ್ರೈವ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಇದೆ, ಅಲ್ಲಿಂದ 120 ಜಿಬಿ ತಗೊಂಡರೆ ಸಾಕು. ಡಿ ಮೇಲೆ ಬಲಗಡೆ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಒತ್ತಿದರೆ ಎಂಬಿ ಲೆಕ್ಕದಲ್ಲಿ ಕೇಳುತ್ತೆ: 1,22,880. ಮುಗಿದ ಮೇಲೆ ಬಲಗಡೆ ಕಪ್ಪು ಪಟ್ಟಿಯ ಒಂದು ಚೌಕ ಬರುತ್ತೆ. ಅದನ್ನ ಹಾಗೇ ಬಿಡಬೇಕು. ಹೊಸ ಡ್ರೈವ್ ಮಾಡಬಾರದು, ಅಕ್ಷರ ಕೊಡಬಾರದು, ಫಾರ್ಮ್ಯಾಟ್ ಮಾಡಬಾರದು. ಲಿನಕ್ಸ್‌ನ ಇನ್‌ಸ್ಟಾಲರ್ ಅದನ್ನ ತಾನೇ ಗುರುತಿಸುತ್ತೆ.

ಅಕ್ಕ: ಇದನ್ನೂ ಇನ್‌ಸ್ಟಾಲರ್‌ನಲ್ಲೇ ಮಾಡಬಹುದಲ್ಲ?

ತಮ್ಮ: ಮಾಡಬಹುದು. ಆದರೆ ಎನ್‌ಟಿಎಫ್‌ಎಸ್ ವಿಂಡೋಸ್‌ನ ಸ್ವಂತ ಕಡತ ವ್ಯವಸ್ಥೆ, 1993ರಿಂದ ಅವರದ್ದು. ಅದನ್ನ ಕುಗ್ಗಿಸೋ ಕೆಲಸ ಅವರ ಸಲಕರಣೆಯಿಂದಲೇ ಆಗೋದು ಕ್ಷೇಮ. ಲಿನಕ್ಸ್‌ನ ಪಾಲನ್ನ ಲಿನಕ್ಸ್ ಮಾಡಿಕೊಳ್ಳಲಿ.

ಅಕ್ಕ: ಇನ್‌ಸ್ಟಾಲರ್‌ನಲ್ಲಿ ಎಚ್ಚರ ತಪ್ಪಬಾರದ ಜಾಗ ಯಾವುದು?

ತಮ್ಮ: ಮೊದಲು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡು. ವೈಫೈ, ಸದ್ದು, ಪ್ರಿಂಟರ್ ಎಲ್ಲ ಸರಿಯಿದೆಯಾ ಅಂತ. ಆಗ ಡಿಸ್ಕ್‌ಗೆ ಏನೂ ಆಗಿರಲ್ಲ. ಹಾಕೋಕೆ ಕೂತಾಗ ಡಿಸ್ಕ್ ಪೂರ್ತಿ ಅಳಿಸು ಅನ್ನೋ ಆಯ್ಕೆ ಬರುತ್ತೆ, ಅದನ್ನ ಮುಟ್ಟಲೇಬಾರದು. ವಿಂಡೋಸ್ ಪಕ್ಕದಲ್ಲಿ ಹಾಕು ಅನ್ನೋದು ಇರುತ್ತೆ. ನಾವೇ ಪಾಲು ಆರಿಸೋ ದಾರೀನೂ ಇರುತ್ತೆ. ನಾನಾದರೆ ಈ ಕೊನೆಯದು. ಅಲ್ಲಿ ಸಿ, ಡಿ ಅಂತ ಹೆಸರಿರಲ್ಲ. ಎಸ್‌ಡಿಎ1, ಎಸ್‌ಡಿಎ2 ಅಂತ ಇರುತ್ತೆ. ಆದ್ದರಿಂದ ಗಾತ್ರ ನೋಡಿ ಗುರುತು ಹಿಡಿಯಬೇಕು: 120 ಜಿಬಿ ಖಾಲಿ ಜಾಗ ಒಂದೇ ಇರೋದು. ಅದಕ್ಕೆ ಇಎಕ್ಸ್‌ಟಿ4, ಮೌಂಟ್ ಪಾಯಿಂಟ್ ಓರೆಗೆರೆ (/). ಇನ್ನು 100 ಎಂಬಿಯ ಇಎಫ್‌ಐ ಪಾಲು. ಅದನ್ನ ಬಳಸು ಅನ್ನಬೇಕು, ಫಾರ್ಮ್ಯಾಟ್ ಮಾಡು ಅನ್ನಬಾರದು. ಅದರೊಳಗೆ ಮೈಕ್ರೋಸಾಫ್ಟ್ ಅನ್ನೋ ಫೋಲ್ಡರ್ ಈಗಾಗಲೇ ಇದೆ. ಪಕ್ಕದಲ್ಲಿ ಉಬುಂಟು ಅನ್ನೋ ಫೋಲ್ಡರ್ ಸೇರಿಕೊಳ್ಳುತ್ತೆ. ಎರಡೂ ಒಂದನ್ನೊಂದು ಮುಟ್ಟದೆ ಇರುತ್ತವೆ.

ಅಕ್ಕ: ಮುಟ್ಟದೆ ಅಂತ ಖಂಡಿತ ಹೇಳ್ತೀಯಾ? ವಿಂಡೋಸ್ ಅಪ್‌ಡೇಟ್ ಬಂದ ಮೇಲೆ ಲಿನಕ್ಸ್ ಏಳಲಿಲ್ಲ ಅಂತ ಕೇಳಿದ್ದೀನಿ.

ತಮ್ಮ: ನೀನು ಕೇಳಿದ್ದು ನಿಜ. 2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ಒಂದು ಭದ್ರತಾ ಅಪ್‌ಡೇಟ್ ಬಂತು. ಹಳೆಯ, ದೋಷ ಇರೋ ಬೂಟ್ ಲೋಡರ್‌ಗಳನ್ನ ತಡೆಯೋದು ಅದರ ಉದ್ದೇಶ. ಎರಡು ವ್ಯವಸ್ಥೆ ಇರೋ ಯಂತ್ರಗಳಿಗೆ ಅದು ತಾಗಬಾರದು ಅಂತ ಮೈಕ್ರೋಸಾಫ್ಟ್ ಅಂದುಕೊಂಡಿತ್ತು; ಆದರೂ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳೋದು ನಿಂತುಹೋಯ್ತು. ಅವರೂ ಅದನ್ನ ಒಪ್ಪಿಕೊಂಡರು. ಕಡತಗಳಿಗೆ ಏನೂ ಆಗಲಿಲ್ಲ. ಬಾಗಿಲು ತೆರೀಲಿಲ್ಲ ಅಷ್ಟೇ. ಅದಕ್ಕೇ ಆ ಲಿನಕ್ಸ್ ಪೆನ್‌ಡ್ರೈವ್ ಅಳಿಸದೆ ಡ್ರಾಯರ್‌ನಲ್ಲಿ ಇಟ್ಟುಕೊಂಡಿರಬೇಕು. ಯಾವ ಬಾಗಿಲು ಮುಚ್ಚಿದರೂ ಅದರಿಂದ ಒಳಗೆ ಹೋಗಿ ಕಡತ ತೆಗೀಬಹುದು, ಬೂಟ್ ಲೋಡರ್ ಸರಿಮಾಡಬಹುದು.

ಅಕ್ಕ: ಎಲ್ಲ ಸರಿಯಾಗಿ ಕೂತ ಮೇಲೆ ದಿನಾ ಬಳಸುವಾಗ ಬೇರೆ ತೊಡಕು ಉಂಟಾ?

ತಮ್ಮ: ಮೊದಲ ದಿನವೇ ಕಾಣೋದು ಗಡಿಯಾರ. ಕಂಪ್ಯೂಟರ್ ಒಳಗೆ ಬ್ಯಾಟರಿಯಿಂದ ನಡೆಯೋ ಒಂದು ಗಡಿಯಾರ ಇದೆಯಲ್ಲ, ಅದರಲ್ಲಿರೋದು ಸ್ಥಳೀಯ ಸಮಯ ಅಂತ ವಿಂಡೋಸ್ ನಂಬುತ್ತೆ. ಲಿನಕ್ಸ್ ಸಾಮಾನ್ಯವಾಗಿ ಅದರಲ್ಲಿ ಯುಟಿಸಿ, ಅಂದ್ರೆ ಜಾಗತಿಕ ಸಮಯ, ಇಡುತ್ತೆ. ನಮಗೂ ಯುಟಿಸಿಗೂ ಐದೂವರೆ ಗಂಟೆ ಅಂತರ. ಬೆಳಿಗ್ಗೆ ಹತ್ತಕ್ಕೆ ಲಿನಕ್ಸ್ ಮುಚ್ಚಿ ವಿಂಡೋಸ್‌ಗೆ ಬಂದರೆ ಅದು ನಾಲ್ಕೂವರೆ ಅನ್ನುತ್ತೆ. ಇಂಟರ್ನೆಟ್ ಇಲ್ಲದಿದ್ದರೆ ತಾನಾಗಿ ಸರಿಹೋಗಲ್ಲ. ಎರಡು ಪ್ರತಿಗಳಲ್ಲಿ ಯಾವುದು ಹೊಸದು ಅಂತ ನೀನು ವೇಳೆ ನೋಡಿ ತೀರ್ಮಾನಿಸೋಳು, ಆದ್ದರಿಂದ ಇದು ಸಣ್ಣ ವಿಷಯ ಅಲ್ಲ. ಲಿನಕ್ಸ್‌ನಲ್ಲಿ ಸ್ಥಳೀಯ ಸಮಯವನ್ನೇ ಇಡು ಅಂತ ಒಂದು ಸಾಲಿನ ಆದೇಶ ಕೊಟ್ಟರೆ ಎರಡಕ್ಕೂ ತಾಳೆ ಆಗುತ್ತೆ.

ಅಕ್ಕ: ಬೂಟ್ ಪಟ್ಟಿಯಲ್ಲಿ ವಿಂಡೋಸ್ ಕಾಣದೇ ಹೋದರೆ? ಅಳಿಸಿಹೋಯ್ತು ಅಂತ ನನ್ನ ಎದೆ ಒಡೆದುಹೋಗುತ್ತೆ.

ತಮ್ಮ: ಅಳಿಸಿರಲ್ಲ. ಗ್ರಬ್ ಅನ್ನೋ ಬೂಟ್ ಲೋಡರ್ 2021ರ 2.06 ಆವೃತ್ತಿಯಿಂದ ಬೇರೆ ವ್ಯವಸ್ಥೆಗಳನ್ನ ತಾನಾಗಿ ಹುಡುಕೋದನ್ನ ನಿಲ್ಲಿಸಿದೆ. ಸೆಟ್ಟಿಂಗ್‌ನಲ್ಲಿ ಹುಡುಕು ಅಂತ ಹೇಳಿ ಪಟ್ಟಿ ಹೊಸದು ಮಾಡಿದರೆ ಬರುತ್ತೆ. ಅದೂ ಆಗದಿದ್ದರೆ ಯಂತ್ರ ಆನ್ ಮಾಡಿದ ತಕ್ಷಣ ಬೂಟ್ ಮೆನುವಿನ ಕೀ ಒತ್ತಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿಕೊಂಡರಾಯ್ತು.

ಅಕ್ಕ: ಸರಿ. ಯಾವ ಕೆಲಸ ಯಾವ ಕಡೆ ಅನ್ನೋದನ್ನೂ ಈಗಲೇ ಹೇಳಿಬಿಡು. ಬೆಂಬಲ ನಿಂತ ವಿಂಡೋಸ್ ಇಟ್ಟುಕೊಂಡು ಕೂರೋದು ಅಪಾಯ ಅಂತ ನೀನೇ ಹೇಳ್ತಿದ್ದೆ.

ತಮ್ಮ: ಮನೆ ಬಳಕೆಯವರಿಗೆ ಭದ್ರತಾ ಅಪ್‌ಡೇಟ್‌ಗಳ ಒಂದು ವಿಸ್ತರಣೆ ಕೊಟ್ಟರು, 2026ರ ಅಕ್ಟೋಬರ್ 13ರವರೆಗೆ. ಅದನ್ನ ನೆಚ್ಚಿಕೊಂಡು ಯೋಜನೆ ಹಾಕಬಾರದು. ಮೇಲ್, ಬ್ಯಾಂಕು, ಬ್ರೌಸರ್, ಗಿರಾಕಿಗಳು ಕಳಿಸೋ ವಾಟ್ಸ್ಯಾಪ್ ಕಡತ, ಎಲ್ಲ ಲಿನಕ್ಸ್ ಕಡೆ. ವಿಂಡೋಸ್ ಕಡೆ ಇಂಟರ್ನೆಟ್ ಕಿತ್ತುಬಿಡು. ಪೇಜ್‌ಮೇಕರ್ ಮತ್ತು ಕನ್ನಡ ಬರೆಯೋ ಹಳೆಯ ನುಡಿ ತಂತ್ರಾಂಶ, ಅವೆರಡಕ್ಕೆ ಮಾತ್ರ ಅದು. ಗಿರಾಕಿ ತಂದ ಪೆನ್‌ಡ್ರೈವ್ ಕೂಡ ಮೊದಲು ಲಿನಕ್ಸ್‌ನಲ್ಲಿ ತೆಗೆದು, ಬೇಕಾದ ಕಡತ ಮಾತ್ರ ಡಿ ಡ್ರೈವ್‌ಗೆ ಹಾಕಿಕೋ. ಡಿ ಡ್ರೈವ್ ಎರಡಕ್ಕೂ ಕಾಣುತ್ತೆ. 2021ರ 5.15 ಆವೃತ್ತಿಯಿಂದ ಲಿನಕ್ಸ್ ಕರ್ನೆಲ್‌ನಲ್ಲೇ ಎನ್‌ಟಿಎಫ್‌ಎಸ್‌ಗೆ ಓದೋ ಬರೆಯೋ ಡ್ರೈವರ್ ಇದೆ.

ಅಕ್ಕ: ಲಿನಕ್ಸ್‌ನಿಂದ ಡಿ ಡ್ರೈವ್ ಕಂಡರೆ ಏನು ಬಂತು? ನನ್ನ ಕಡತಗಳನ್ನ ಅದು ಓದಲ್ಲವಲ್ಲ. ಇದು ನಿನ್ನ ವಿದ್ಯೆಯಲ್ಲ, ನನ್ನದು, ಕೇಳು. ಹಳೆಯ ನುಡಿ ಫಾಂಟ್‌ನಲ್ಲಿ ಬರೆದದ್ದು ಕಂಪ್ಯೂಟರ್ ಪಾಲಿಗೆ ಕನ್ನಡವೇ ಅಲ್ಲ. ಒಳಗಡೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು, ಫಾಂಟ್ ಅದರ ಮೇಲೆ ಕನ್ನಡದ ಆಕಾರ ತೋರಿಸುತ್ತೆ. ಫಾಂಟ್ ಇಲ್ಲದ ಕಡೆ ತೆಗೆದರೆ ಕೊಂಬು ಕೋಡು ಬಂದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತೆ. ಕವಿಯ ಹೆಸರು ಹಾಕಿ ಹುಡುಕಿದರೂ ಸಿಗಲ್ಲ.

ತಮ್ಮ: ಆ ಫಾಂಟನ್ನ ಲಿನಕ್ಸ್‌ಗೂ ಹಾಕಬಹುದು. ಓದೋಕಾದರೂ ಬರುತ್ತೆ.

ಅಕ್ಕ: ಓದೋಕೆ ಬರುತ್ತೆ, ತಿದ್ದೋಕೆ ಬರಲ್ಲ. ಪೇಜ್‌ಮೇಕರ್ ಕಡತ ಇನ್ನೂ ಕಷ್ಟ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಆಮೇಲೆ ಅಡೋಬಿಯವರು ಇನ್‌ಡಿಸೈನ್‌ಗೆ ಹೋದರು. ನೀನು ಡಿಸ್ಕ್ ಭಾಗ ಮಾಡಿ ಎರಡು ವ್ಯವಸ್ಥೆ ಕೂರಿಸಿದರೂ ನನ್ನ ಪುಸ್ತಕಗಳು ಒಂದೇ ಕಡೆ ಸಿಕ್ಕಿಕೊಂಡಿರುತ್ತವೆ. ವಿಂಡೋಸ್ ಪಾಲು ಹೋದ ದಿನ ಡಿ ಡ್ರೈವ್ ಉಳಿದಿರುತ್ತೆ, ಪುಸ್ತಕ ಉಳಿದಿರಲ್ಲ.

ತಮ್ಮ: ಇದನ್ನ ನಾನು ಇಷ್ಟು ದೂರ ಯೋಚಿಸಿರಲಿಲ್ಲ. ನಾನು ಜಾಗದ ಲೆಕ್ಕ ಹಾಕ್ತಿದ್ದೆ.

ಅಕ್ಕ: ಜಾಗದ ಲೆಕ್ಕವೂ ಬೇಕು. ಯಾವ ಕಡೆಯಿಂದ ಬೇಕಾದರೂ ತೆಗೆಯೋಕೆ ಆಗೋ ಹಾಗೆ ಬರೆದಿಟ್ಟರೆ ಮಾತ್ರ ಅದಕ್ಕೆ ಅರ್ಥ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಸ್ಥಾನ 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿತ್ತು. ನಾವು ಡಿಟಿಪಿಯವರು ಮಾತ್ರ ಪೇಜ್‌ಮೇಕರ್ ಅದನ್ನ ಒಪ್ಪಲ್ಲ ಅಂತ ಹಳೆಯ ಫಾಂಟ್‌ನಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದೆವು. ಈಗ ಒಂದೊಂದು ಪುಸ್ತಕಕ್ಕೂ ಮೂರು ರೂಪ ಇಡಬೇಕು. ಮೂಲ ಪೇಜ್‌ಮೇಕರ್ ಕಡತ ಹಾಗೇ ಇರಲಿ. ಫಾಂಟ್ ಒಳಗೇ ಸೇರಿಸಿದ ಒಂದು ಪಿಡಿಎಫ್ ಇರಲಿ. ಪುಟ ಅಚ್ಚಾದಾಗ ಹೇಗಿತ್ತೋ ಹಾಗೆ ಎಲ್ಲಾದರೂ ಕಾಣುತ್ತೆ. ಮೂರನೆಯದು ಯೂನಿಕೋಡ್ ಪಠ್ಯ. ಹುಡುಕಬಹುದು, ತಿದ್ದಬಹುದು, ಇನ್ನೂ ಬರದ ಯಂತ್ರದಲ್ಲೂ ಓದಬಹುದು.

ತಮ್ಮ: ಪರಿವರ್ತಕ ಇದೆಯಲ್ಲ? ಒಂದು ರಾತ್ರಿ ಓಡಿಸಿದರೆ ಎಲ್ಲ ಬದಲಾಗುತ್ತೆ.

ಅಕ್ಕ: ಬದಲಾಗುತ್ತೆ, ಆದರೆ ಕಣ್ಣು ಹಾಯಿಸಲೇಬೇಕು. 'ಕರ್ಮ' ಅನ್ನೋದನ್ನೇ ತಗೋ. ಹಳೆಯ ಫಾಂಟ್‌ನಲ್ಲಿ ಕಣ್ಣಿಗೆ ಕಂಡ ಕ್ರಮದಲ್ಲಿ ಬರೀತೀವಿ: ಕ, ಮ, ಆಮೇಲೆ ಅರ್ಕಾವತ್ತು. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತೆ: ಕ, ಅರ್ಧ ರಕಾರ, ಮ. ಪರಿವರ್ತಕ ಆ ಅರ್ಕಾವತ್ತನ್ನ ಎತ್ತಿ ಹಿಂದಕ್ಕೆ ತಂದಿಡಬೇಕು. ಅರ್ಕಾವತ್ತಿನ ಜೊತೆ ಒತ್ತಕ್ಷರ, ದೀರ್ಘ ಸೇರಿದರೆ ಕೆಲವೊಮ್ಮೆ ತಪ್ಪಾದ ಜಾಗಕ್ಕೆ ಹೋಗಿ ಕೂರುತ್ತೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡ ಅಂತ ತಿಳಿದು ಕಲಸಿಹಾಕುತ್ತೆ. ಕವಿತೆಯಲ್ಲಿ ಒಂದು ಅಕ್ಷರ ಕೆಟ್ಟರೆ ಸಾಲೇ ಕೆಡುತ್ತೆ. ಅವರು ಬದುಕಿದ್ದಾಗ ಕರಡು ತಿದ್ದಿ ಕೊಟ್ಟ ಸಾಲುಗಳು ಅವು. ಅದನ್ನ ನಾನೇ ಓದಿ ನೋಡಬೇಕು.

ತಮ್ಮ: ಅದಕ್ಕೆ ಲಿನಕ್ಸ್ ಕಡೆ ತೊಂದರೆ ಇಲ್ಲ. ಐಬಸ್ ಅನ್ನೋ ಟೈಪಿಂಗ್ ಸಲಕರಣೆಯಲ್ಲಿ ಕನ್ನಡದ ಕೆಜಿಪಿ ವಿನ್ಯಾಸ ಸಿಗುತ್ತೆ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ನುಡಿಯಲ್ಲಿ ಪಳಗಿದ ನಿನ್ನ ಬೆರಳುಗಳು ಹೊಸದಾಗಿ ಏನೂ ಕಲಿಯಬೇಕಾಗಿಲ್ಲ. ಗುಬ್ಬಿ, ನವಿಲು ಫಾಂಟ್‌ಗಳಿವೆ, ಲೋಹಿತ್ ಇದೆ, ನೋಟೋ ಇದೆ. ಲಿಬ್ರೆ ಆಫೀಸ್‌ನಲ್ಲಿ ತಿದ್ದಬಹುದು; ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಇದೆ.

ಅಕ್ಕ: ಹಾಗಾದ್ರೆ ಎರಡು ವ್ಯವಸ್ಥೆ ಇಡೋದಕ್ಕೆ ಈಗ ನನಗೆ ಸರಿಯಾದ ಕಾರಣ ಸಿಕ್ಕಿತು. ವಿಂಡೋಸ್ ಕಡೆಯಿಂದ ಹಳೆಯದನ್ನ ಒಂದೊಂದಾಗಿ ತೆಗೆದು ಪಿಡಿಎಫ್ ಮಾಡ್ತೀನಿ, ಪರಿವರ್ತಿಸ್ತೀನಿ. ಲಿನಕ್ಸ್ ಕಡೆ ಕೂತು ಓದಿ ತಿದ್ತೀನಿ. ಒಂದು ಪುಸ್ತಕ ಮುಗಿದರೆ ಅದು ಯಾವ ಕಂಪನಿಯ ಹಂಗಿನಲ್ಲೂ ಇರಲ್ಲ.

ತಮ್ಮ: ಎಲ್ಲ ಮುಗಿದ ಮೇಲೆ ವಿಂಡೋಸ್ ಪಾಲು ತೆಗೆದುಹಾಕಬಹುದು.

ಅಕ್ಕ: ತೆಗೆಯಬಹುದು, ಇಟ್ಟುಕೊಳ್ಳಬಹುದು, ಲಿನಕ್ಸ್ ಬೇಡ ಅನ್ನಿಸಿದರೆ ಅದನ್ನೂ ತೆಗೆಯಬಹುದು. ಯಾವುದನ್ನ ಬಿಟ್ಟರೂ ನನ್ನ ಕೆಲಸ ನನ್ನ ಕೈಯಲ್ಲಿರಬೇಕು. ಇಪ್ಪತ್ತು ವರ್ಷದ ಹಿಂದೆ ಯಾರಾದರೂ ನನಗೆ ಹೇಳಬೇಕಿದ್ದ ಮಾತು ಇದು: ಯಂತ್ರ ಕೊಳ್ಳೋ ದಿನ ಯಾವ ವ್ಯವಸ್ಥೆ ಒಳ್ಳೇದು ಅಂತ ಮಾತ್ರ ಕೇಳಬೇಡ, ಇದನ್ನ ಬಿಟ್ಟು ಹೋಗುವಾಗ ನನ್ನದನ್ನ ಹೇಗೆ ತಗೊಂಡು ಹೋಗಲಿ ಅಂತ ಕೇಳು. ನಮ್ಮ ಊರುಗಳಲ್ಲಿ ನನ್ನಂಥ ಡಿಟಿಪಿಯವರು ಎಷ್ಟು ಜನ ಇದ್ದಾರೆ. ಒಂದೊಂದು ಅಂಗಡಿಯ ಡಿ ಡ್ರೈವ್‌ನಲ್ಲೂ ಆ ಊರಿನ ಬರವಣಿಗೆ ಇದೆ. ಯಂತ್ರ ಹಳೇದಾಯ್ತು ಅಂತ ಅದನ್ನ ಮಾರೋ ದಿನ ಆ ಬರವಣಿಗೆಯೂ ಹೋಗುತ್ತೆ, ಯಾರಿಗೂ ಗೊತ್ತಾಗದ ಹಾಗೆ.

ತಮ್ಮ: ಹಾಗಾದ್ರೆ ಕೆಲಸದ ಕ್ರಮ ನೀನೇ ಹೇಳು.

ಅಕ್ಕ: ಈ ವಾರ ಎಕ್ಸ್‌ಟರ್ನಲ್ ಡಿಸ್ಕ್ ತಂದು ಎಲ್ಲ ನಕಲು ಮಾಡೋದು, ನಿನ್ನ ಕಂಪ್ಯೂಟರ್‌ನಲ್ಲಿ ಹಾಕಿ ತೆಗೆದು ನೋಡೋದು. ಎರಡನೇದು, ಆ ಇಬ್ಬರು ಕವಿಗಳ ಪುಸ್ತಕಗಳ ಪಿಡಿಎಫ್ ಮಾಡಿ ಅವರ ಮನೆಯವರಿಗೆ ಒಂದೊಂದು ಪ್ರತಿ ಕೊಡೋದು. ಇನ್ನೊಂದು ಮನೆಯಲ್ಲಿರೋ ಪ್ರತಿಗಿಂತ ದೊಡ್ಡ ಬ್ಯಾಕಪ್ ಇಲ್ಲ. ಅದಾದ ಮೇಲೆ ಫಾಸ್ಟ್ ಸ್ಟಾರ್ಟಪ್ ತೆಗೆದು, 1,22,880 ಹಾಕಿ ಶ್ರಿಂಕ್ ಒತ್ತೋದು. ಆ ಗುಂಡಿ ನಾನೇ ಒತ್ತುತ್ತೀನಿ. ಲಿನಕ್ಸ್ ಹಾಕುವಾಗಲೂ ಮೌಸ್ ನನ್ನ ಕೈಯಲ್ಲೇ ಇರಲಿ. ನೀನು ಪಕ್ಕದಲ್ಲಿ ಕೂತು, ಗಾತ್ರ ಓದಿ ಹೇಳಿ ಆಮೇಲೆ ಒತ್ತು ಅಂತ ಪ್ರತಿ ಸಲ ನೆನಪಿಸ್ತಾ ಇರು.